ರಕ್ತಾಕ್ಷಿ ಸಂವತ್ಸರದ ಮೈದಾನ

ಕ್ರೀಡಾಂಗಣಕ್ಕೆ ಹೆಸರಿಡುವ ವಿಷಯದಲ್ಲಿ ನಮ್ಮವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಒಬ್ಬ ಮಹಾರಾಜ, ಒಬ್ಬ ಮಂತ್ರಿ, ಇಲ್ಲವೇ ಕ್ರಿಕೆಟ್ ಮಂಡಳಿಯ ಮಾಜಿ ಅಧ್ಯಕ್ಷ, ಈ ಮೂವರಲ್ಲಿ ಒಬ್ಬರಾದರೂ ಕೈಗೆ ಸಿಕ್ಕೇ ಸಿಗುತ್ತಾರೆ. ಜಪಾನಿನವರು ತಮ್ಮ ಅತ್ಯಂತ ಹೆಸರುವಾಸಿಯಾದ ಬೇಸ್‌ಬಾಲ್ ಮೈದಾನಕ್ಕೆ ಪಂಚಾಂಗ ನೋಡಿ ಹೆಸರಿಟ್ಟರು. ಅದು ಕಟ್ಟಿದ್ದು 1924ರಲ್ಲಿ. ಚೀನಾದಿಂದ ಬಂದ ಅವರ ಅರವತ್ತು ವರ್ಷಗಳ ಚಕ್ರದಲ್ಲಿ ಅದು ಮೊಟ್ಟಮೊದಲ ವರ್ಷ, ಶುಭದಲ್ಲಿ ಶುಭ. ಆ ವರ್ಷದ ಹೆಸರಿಗೇ ಒಂದು ಬಾಲ ಸೇರಿಸಿ 'ಕೋಶಿಯೆನ್' ಎಂದು ಕರೆದರು.

ಅರವತ್ತರ ಚಕ್ರ ನಮಗೇನು ಹೊಸದಲ್ಲ. ನಮ್ಮದು ಪ್ರಭವದಿಂದ ಶುರುವಾಗುತ್ತದೆ, ಅವರದಕ್ಕಿಂತ ಮೂರು ವರ್ಷ ತಡ. ಹಾಗಾಗಿ 1924ರ ಯುಗಾದಿಗೆ ನಮ್ಮ ಪಾಲಿಗೆ ಬಂದದ್ದು ರಕ್ತಾಕ್ಷಿ. ಆ ವರ್ಷ ಬೆಂಗಳೂರಿನಲ್ಲಿ ಯಾರಾದರೂ ಇದೇ ಕ್ರಮದಲ್ಲಿ ನಾಮಕರಣ ಮಾಡಿದ್ದರೆ ನಮಗೊಂದು 'ರಕ್ತಾಕ್ಷಿ ಸ್ಟೇಡಿಯಂ' ಇರುತ್ತಿತ್ತು. ಎದುರಾಳಿ ತಂಡದವರು ಬಸ್ಸಿನಿಂದ ಇಳಿಯುವ ಮೊದಲೇ ಅರ್ಧ ಸೋತಿರುತ್ತಿದ್ದರು. ಸಂವತ್ಸರದ ಹೆಸರನ್ನು ಹೆಚ್ಚು ನಂಬಲೂ ಬಾರದು ಅನ್ನಿ. ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಅಹಿಂಸೆಯ ಮಾತಾಡಿದ್ದೂ ಅದೇ ರಕ್ತಾಕ್ಷಿಯಲ್ಲಿ.

ಇರಲಿ, ಮೈದಾನಕ್ಕೆ ಬರೋಣ. ಒಸಾಕಾ ಮತ್ತು ಕೋಬೆ ನಗರಗಳ ನಡುವೆ ನಿಶಿನೋಮಿಯಾ ಎಂಬ ಊರಿದೆ. ಕೋಶಿಯೆನ್ ಇರುವುದು ಅಲ್ಲಿ. ಕಟ್ಟಿಸಿದ್ದು ಸರ್ಕಾರವಲ್ಲ, ಬೇಸ್‌ಬಾಲ್ ಸಂಸ್ಥೆಯೂ ಅಲ್ಲ. ಆ ಎರಡು ನಗರಗಳ ನಡುವೆ ವಿದ್ಯುತ್ ರೈಲು ಓಡಿಸುವ ಹಾನ್ಶಿನ್ ಕಂಪನಿ. ಆಟದ ಮೇಲಿನ ಪ್ರೀತಿ ಉಕ್ಕಿ ಹರಿದು ಕಟ್ಟಿಸಿತು ಎಂದುಕೊಳ್ಳಬೇಡಿ. ರೈಲಿಗೆ ಜನ ಬೇಕು, ಜನ ರೈಲು ಹತ್ತಲು ಒಂದು ಕಾರಣ ಬೇಕು. ಎರಡು ಹೊಳೆಗಳನ್ನು ಮುಚ್ಚಿದ್ದರಿಂದ ಖಾಲಿಯಾದ ಪಾತ್ರದ ಜಾಗವನ್ನು ಕಂಪನಿ ಪ್ರಾಂತದ ಆಡಳಿತದಿಂದ ಕೊಂಡಿತ್ತು. ಬರಿಯ ಮರಳು. ಅಲ್ಲಿ ಏನಾದರೂ ಮಾಡಬೇಕಿತ್ತು.

ಕಾರಣ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅಸಾಹಿ ಪತ್ರಿಕೆಯವರು 1915ರಲ್ಲಿ ಶಾಲಾ ಹುಡುಗರಿಗೆ ಒಂದು ರಾಷ್ಟ್ರಮಟ್ಟದ ಬೇಸ್‌ಬಾಲ್ ಟೂರ್ನಿ ಶುರುಮಾಡಿದ್ದರು. ಮೊದಲ ವರ್ಷ ಬಂದದ್ದು ಹತ್ತು ತಂಡ. ಎರಡು ವರ್ಷ ಕಳೆದು ಟೂರ್ನಿ ನಾರುವೊ ಎಂಬಲ್ಲಿನ ಕುದುರೆ ರೇಸಿನ ಅಂಗಳಕ್ಕೆ ಸ್ಥಳಾಂತರವಾಯಿತು. ಜನ ಯಾವ ಪರಿ ಬರತೊಡಗಿದರೆಂದರೆ, 1923ರಲ್ಲಿ ಪ್ರೇಕ್ಷಕರು ಆಟದ ಅಂಗಳದೊಳಕ್ಕೇ ಹರಿದು ಬಂದು ಪಂದ್ಯ ನಿಲ್ಲಿಸಬೇಕಾಯಿತು. ಮರುವರ್ಷ ಮಾರ್ಚ್ 11ರಂದು ಹೊಸ ಮೈದಾನದ ಕೆಲಸ ಶುರು, ಜುಲೈ 31ಕ್ಕೆ ಮುಗಿಯಿತು, ಆಗಸ್ಟ್ 1ಕ್ಕೆ ಉದ್ಘಾಟನೆ. ಐದು ತಿಂಗಳೂ ಹಿಡಿಯಲಿಲ್ಲ! ನಮ್ಮ ಊರಿನ ಮೇಲ್ಸೇತುವೆಗಳನ್ನು ನೋಡಿ ಬೆಳೆದವರಿಗೆ ಇದನ್ನು ಎರಡು ಸಲ ಓದಬೇಕೆನಿಸುತ್ತದೆ. ಕೆಲಸದ ಹೊಣೆ ಹೊತ್ತವರು ಇನ್ನೂ ಮೂವತ್ತು ತುಂಬದ ಎಂಜಿನಿಯರ್ ನೋದಾ ಸೇಯ್‌ಝೋ. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಮೈದಾನದ ನಕ್ಷೆ ನೋಡಿಕೊಂಡು ಕಟ್ಟಿದರು. ಇಷ್ಟು ದೊಡ್ಡದನ್ನು ತುಂಬಿಸುವವರು ಯಾರು ಎಂಬ ಅಳುಕಿತ್ತು. ಆ ಬೇಸಿಗೆಯ ಟೂರ್ನಿ ಶುರುವಾದ ಕೆಲವೇ ದಿನಕ್ಕೆ 'ಜಾಗವಿಲ್ಲ' ಎಂದು ಫಲಕ ಹಾಕಬೇಕಾಯಿತು.

ನೋದಾ ಅವರಿಗೆ ಕಾಂಕ್ರೀಟಿಗಿಂತ ದೊಡ್ಡ ತಲೆನೋವಾದದ್ದು ಮಣ್ಣು. ಹೊಳೆಯ ಮರಳು ಬೆಳ್ಳಗಿರುತ್ತದೆ, ಚೆಂಡೂ ಬಿಳಿ. ನೆಲ ಕಚ್ಚಿ ಉರುಳುವ ಚೆಂಡು ಆಟಗಾರನಿಗೂ ಕಾಣಿಸದು, ನೋಡುವವನಿಗೂ ಕಾಣಿಸದು. ಕೋಬೆಯ ಕಡೆಯಿಂದ ಕಪ್ಪು ಮಣ್ಣು, ಅವಾಜಿ ದ್ವೀಪದಿಂದ ಕೆಂಪು ಮಣ್ಣು ತರಿಸಿ ಬೆರೆಸಿ ಹದ ಮಾಡಿದರು. ಅಂದು ಶುರುವಾದ ಈ ಹದದ ಚಿಂತೆ ಇಂದಿಗೂ ನಿಂತಿಲ್ಲ. ಈಗ ಬೇರೆ ಬೇರೆ ಪ್ರಾಂತಗಳ ಕಪ್ಪು ಮಣ್ಣಿಗೆ ಮರಳು ಸೇರಿಸುತ್ತಾರೆ. ವಸಂತದಲ್ಲಿ ಮಳೆ ಹೆಚ್ಚು, ಆಗ ಮರಳು ಒಂದಿಷ್ಟು ಮುಂದು. ಬೇಸಿಗೆಯಲ್ಲಿ ಬಿಸಿಲಿಗೆ ಚೆಂಡು ಕಾಣಬೇಕು, ಆಗ ಕಪ್ಪು ಮಣ್ಣು ಮುಂದು. ಚಳಿಗಾಲದಲ್ಲಿ ಅಂಗಳವನ್ನು ಅಗೆದು, ಮಗುಚಿ, ಮಳೆಯಲ್ಲಿ ನೆನೆಸಿ, ಮತ್ತೆ ಉರುಳುಗಲ್ಲು ಹೊಡೆಸಿ ಗಟ್ಟಿ ಮಾಡುತ್ತಾರೆ. ಒಳ ಅಂಗಳದಲ್ಲಿ ಹುಲ್ಲಿನ ಎಸಳೂ ಇಲ್ಲ, ಪೂರ್ತಿ ಮಣ್ಣು. ಜಡಿಮಳೆ ನಿಂತ ಮೇಲೆ ಕೆಸರನ್ನು ಮತ್ತೆ ಆಟಕ್ಕೆ ಯೋಗ್ಯವಾಗಿಸುವ ಅಲ್ಲಿನ ಕೆಲಸಗಾರರಿಗೆ ಆಟಗಾರರಷ್ಟೇ ಅಭಿಮಾನಿಗಳಿದ್ದಾರೆ. ಅವರು ರಬ್ಬರ್ ಕೊಳವೆ ಹಿಡಿದು ನೀರು ಚಿಮುಕಿಸಲು ನಿಂತರೆ ಕ್ಯಾಮೆರಾ ತೆಗೆಯುವವರಿದ್ದಾರೆ.

ಇಷ್ಟು ಜೋಪಾನ ಮಾಡಿದ ಮಣ್ಣನ್ನು ಪ್ರತಿ ಆಗಸ್ಟಿನಲ್ಲೂ ಹುಡುಗರು ಬಗೆದು ಒಯ್ಯುತ್ತಾರೆ. ತಡೆಯುವವರಿಲ್ಲ. ಬೇಸಿಗೆಯ ಟೂರ್ನಿಗೆ ಬರುವುದು 49 ಶಾಲೆಗಳು. ಪ್ರಾಂತಕ್ಕೆ ಒಂದು, ಟೋಕಿಯೋ ಮತ್ತು ಹೊಕ್ಕೈದೋಗೆ ಎರಡೆರಡು. ಅಲ್ಲಿಗೆ ಬರಲು ದೇಶದ ಮೂರು ಸಾವಿರಕ್ಕೂ ಹೆಚ್ಚು ತಂಡಗಳು ಊರೂರಿನಲ್ಲಿ ಬಡಿದಾಡಿರುತ್ತವೆ. ಎಲ್ಲವೂ ನಾಕೌಟ್. ಒಮ್ಮೆ ಸೋತರೆ ಮುಗಿಯಿತು, ಅಂತಿಮ ವರ್ಷದ ಹುಡುಗನಿಗಂತೂ ಶಾಶ್ವತವಾಗಿ ಮುಗಿಯಿತು. ಪಂದ್ಯ ಮುಗಿದ ಸೈರನ್ ಕೂಗುತ್ತದೆ, ಗೆದ್ದ ಶಾಲೆಯ ಹಾಡು ಮೊಳಗುತ್ತದೆ, ಧ್ವಜ ಏರುತ್ತದೆ. ಮಣ್ಣು ಮುಕ್ಕಿದ ಹುಡುಗರು ಡಗ್‌ಔಟಿನ ಮುಂದೆ ಮಂಡಿಯೂರುತ್ತಾರೆ. ಎರಡೂ ಕೈಯಲ್ಲಿ ಗೋರಿ ಗೋರಿ ಬೂಟಿನ ಚೀಲಕ್ಕೆ ತುಂಬುತ್ತಾರೆ. ಬೋಳಿಸಿದ ತಲೆ, ಮೊಣಕೈಯಿಂದ ಕೆಳಗೆ ಮಣ್ಣುಬಣ್ಣ, ಕಣ್ಣೊರೆಸಿಕೊಂಡ ಕಡೆ ಮುಖದ ಮೇಲೊಂದು ಕಪ್ಪು ಪಟ್ಟೆ. ಅವರಿಂದ ಒಂದು ಮಾರು ದೂರದಲ್ಲಿ ಪತ್ರಿಕೆಗಳ ಛಾಯಾಗ್ರಾಹಕರು ನೆಲದ ಮೇಲೆ ಬೋರಲು ಮಲಗಿ ಆ ಕಣ್ಣೀರನ್ನು ಹಿಡಿಯುತ್ತಿರುತ್ತಾರೆ. ಆ ಛಾಯಾಗ್ರಾಹಕರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ. ಹದಿನೇಳರ ಹುಡುಗ ಅಳುವಾಗ ಅವನ ಮೂಗಿನ ನೇರಕ್ಕೆ ಲೆನ್ಸ್ ಇಡುವುದು ಯಾವ ಮರ್ಯಾದೆ?

ಈ ಪದ್ಧತಿಯನ್ನು ಯಾರು ಶುರು ಮಾಡಿದರೆಂಬುದಕ್ಕೆ ಒಂದಲ್ಲ, ಎರಡು ಕಥೆಗಳಿವೆ. 1937ರ ಫೈನಲ್ ಸೋತ ಕವಾಕಾಮಿ ತೆತ್ಸುಹಾರು ಜೇಬಿನಲ್ಲಿ ಒಯ್ದು ತನ್ನ ಶಾಲೆಯ ಅಂಗಳಕ್ಕೆ ಚೆಲ್ಲಿದ ಎನ್ನುವುದು ಒಂದು. ಆತ ಮುಂದೆ ವೃತ್ತಿ ಬೇಸ್‌ಬಾಲಿನ ಬ್ಯಾಟಿಂಗ್ ದೇವರೆನಿಸಿಕೊಂಡ. ನನಗೆ ಹೆಚ್ಚು ಇಷ್ಟವಾದದ್ದು ಎರಡನೆಯದು. ಕೊಕುರಾ ಶಾಲೆಯ ಪಿಚರ್ ಫುಕುಶಿಮಾ ಕಜುವೊ 1947, 1948 ಎರಡೂ ಬೇಸಿಗೆ ಗೆದ್ದವನು. 1948ರಲ್ಲಂತೂ ಐದು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ರನ್ ಕೊಡದವನು. ಮೂರನೆಯ ವರ್ಷ, 1949ರಲ್ಲಿ, ಕ್ವಾರ್ಟರ್ ಫೈನಲ್‌ನಲ್ಲಿ ಸೋತ. ಹೊರಡುವಾಗ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಂದಿನ ಜೇಬಿಗೆ ಹಾಕಿಕೊಂಡ. ಹಾಕಿಕೊಂಡದ್ದು ಅವನಿಗೇ ಗೊತ್ತಿಲ್ಲ. ಊರಿಗೆ ಬಂದ ಮೇಲೆ ಟೂರ್ನಿಯ ತೀರ್ಪುಗಾರರಲ್ಲಿ ಹಿರಿಯರೊಬ್ಬರಿಂದ ತುರ್ತು ಅಂಚೆ ಬಂತು. ಶಾಲೆಯ ಪಾಠದಲ್ಲಿ ಸಿಗದ ವಿದ್ಯೆಯೆಲ್ಲ ನಿನ್ನ ಜೇಬಿನಲ್ಲಿದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಹುಡುಗ ಆಗ ಜೇಬು ತಡಕಿದ. ಸಿಕ್ಕ ಮಣ್ಣನ್ನು ಬಾಗಿಲ ಬಳಿಯ ಹೂಕುಂಡಕ್ಕೆ ಹಾಕಿದ. ಎರಡು ಸಲ ಗೆದ್ದಾಗ ಅವನಿಗೆ ಮಣ್ಣಿನ ನೆನಪಾಗಲಿಲ್ಲ ಎಂಬುದನ್ನು ಗಮನಿಸಿ.

ಹೂಕುಂಡದವರೆಗೂ ತಲುಪದ ಮಣ್ಣಿನ ಕಥೆ 1958ರದು. ಆಗ ಒಕಿನಾವಾ ದ್ವೀಪಗಳು ಅಮೆರಿಕದ ಆಡಳಿತದಲ್ಲಿದ್ದವು. ಅಲ್ಲಿಂದ ಮೊದಲ ಬಾರಿಗೆ ಒಂದು ತಂಡ, ಶುರಿ ಹೈಸ್ಕೂಲು, ಕೋಶಿಯೆನ್‌ಗೆ ಬಂತು. ಮೊದಲ ಪಂದ್ಯದಲ್ಲೇ 0–3ರಿಂದ ಸೋತಿತು. ಹುಡುಗರು ಎಲ್ಲರಂತೆ ಮಣ್ಣು ತುಂಬಿಕೊಂಡು ಹಡಗು ಹತ್ತಿದರು. ನಾಹಾ ಬಂದರಿನಲ್ಲಿ ಅಧಿಕಾರಿಗಳು ಚೀಲ ಬಿಚ್ಚಿಸಿದರು. ಕಾನೂನಿನ ಲೆಕ್ಕದಲ್ಲಿ ಅದು ಪರದೇಶದ ಮಣ್ಣು. ಸಸ್ಯರೋಗ ಬಂದೀತು, ಒಳಗೆ ಬಿಡುವಂತಿಲ್ಲ. ಅಷ್ಟನ್ನೂ ಸಮುದ್ರಕ್ಕೆ ಸುರಿದರು. ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿ ಮನಕರಗಿದ ಜಪಾನ್ ಏರ್‌ಲೈನ್ಸ್‌ನ ಗಗನಸಖಿಯರು ಒಂದು ಉಪಾಯ ಹೂಡಿದರು. ಮಣ್ಣಿಗೆ ತಾನೇ ನಿಷೇಧ? ಕಲ್ಲಿಗಿಲ್ಲವಲ್ಲ! ಕೋಶಿಯೆನ್‌ನ ಸಣ್ಣ ಕಲ್ಲುಗಳನ್ನು ಆಯ್ದು ಶಾಲೆಗೆ ತಲುಪಿಸಿದರು. ಆ ಕಲ್ಲುಗಳು ಇಂದಿಗೂ ಶುರಿ ಶಾಲೆಯ ಅಂಗಳದ ಸ್ಮಾರಕದಲ್ಲಿವೆ. ಒಕಿನಾವಾ ಜಪಾನಿಗೆ ಮರಳಿದ್ದು 1972ರಲ್ಲಿ. ಬೇಸಿಗೆಯ ಟೂರ್ನಿಯನ್ನು ಒಕಿನಾವಾದ ಶಾಲೆಯೊಂದು ಗೆದ್ದದ್ದು 2010ರಲ್ಲಿ, ಕೋನಾನ್ ಹೈಸ್ಕೂಲು. ಅದೂ ವಸಂತದಲ್ಲಿ ಇಲ್ಲೇ ನಡೆಯುವ ಇನ್ನೊಂದು ಶಾಲಾ ಟೂರ್ನಿಯನ್ನೂ ಸೇರಿಸಿ ಒಂದೇ ವರ್ಷದಲ್ಲಿ ಎರಡು.

ಕಟ್ಟಡದ ವಿಷಯ ಅರ್ಧಕ್ಕೇ ಬಿಟ್ಟೆ. 1929ರಲ್ಲಿ ಎರಡೂ ಪಕ್ಕಗಳಿಗೆ ಎತ್ತರದ ಗ್ಯಾಲರಿ ಸೇರಿಸಿದರು. ಬಿಳಿ ಅಂಗಿಯ ಜನ ತುದಿಯವರೆಗೂ ತುಂಬಿ ಕೂತದ್ದನ್ನು ಕಂಡ ವ್ಯಂಗ್ಯಚಿತ್ರಕಾರ ಒಕಾಮೊಟೊ ಇಪ್ಪೇ, ಹಿಮ ಮುಚ್ಚಿದ ಆಲ್ಪ್ಸ್ ಪರ್ವತ ಎಂದು ಪತ್ರಿಕೆಯಲ್ಲಿ ಚಿತ್ರ ಬರೆದರು. 'ಆಲ್ಪ್ಸ್ ಸ್ಟ್ಯಾಂಡ್' ಎಂಬ ಹೆಸರು ಅಂಟಿಕೊಂಡಿತು. ಏಳು ವರ್ಷ ಕಳೆದು ಹೊರ ಅಂಗಳದ ಗ್ಯಾಲರಿಗಳನ್ನೂ ಎತ್ತರಿಸಿದಾಗ, ಆಲ್ಪ್ಸ್‌ಗಿಂತ ಮಿಗಿಲಾದದ್ದು ಬೇಕಲ್ಲ ಎಂದು 'ಹಿಮಾಲಯ ಸ್ಟ್ಯಾಂಡ್' ಎಂದು ಕರೆದು ನೋಡಿದರು. ಯಾರೂ ಬಳಸಲಿಲ್ಲ. ಆಲ್ಪ್ಸ್ ಉಳಿಯಿತು, ನಮ್ಮ ಹಿಮಾಲಯ ಜಾರಿಹೋಯಿತು. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಎಷ್ಟು ಅಂದುಕೊಂಡರೂ ಸ್ವಲ್ಪ ಬೇಜಾರಾಗುತ್ತದೆ.

ಆ ಕಾಲದಲ್ಲಿ ಮೈದಾನದವರು ಯಾವುದಕ್ಕೂ ಇಲ್ಲವೆನ್ನುತ್ತಿರಲಿಲ್ಲ. ರಗ್ಬಿ, ಫುಟ್‌ಬಾಲು ಇರಲಿ, 1938ರಲ್ಲಿ ದೊಡ್ಡ ಅಟ್ಟಣೆ ಕಟ್ಟಿ, ಹಿಮದ ಸೀಮೆಯಿಂದ ರೈಲಿನಲ್ಲಿ ಹಿಮ ತರಿಸಿ ಸ್ಕೀ ಜಿಗಿತದ ಸ್ಪರ್ಧೆ ನಡೆಸಿದರು. ಅದಕ್ಕೂ ಮೊದಲು, 1934ರ ನವೆಂಬರಿನಲ್ಲಿ, ಅಮೆರಿಕದಿಂದ ಬಂದ ಬೇಬ್ ರೂತ್ ಇಲ್ಲಿ ಆಡಿ ಹೋಗಿದ್ದ. ಜಪಾನಿನ ಮೊಟ್ಟಮೊದಲ ಕ್ರೀಡಾ ನೇರಪ್ರಸಾರ, ಅಂದರೆ ರೇಡಿಯೋದ್ದು, 1927ರಲ್ಲಿ ಹೊರಟದ್ದೂ ಈ ಮೈದಾನದಿಂದಲೇ.

ಆಮೇಲೆ ಯುದ್ಧ. ಒಳ ಅಂಗಳದ ಗ್ಯಾಲರಿಯ ಮೇಲೆ 'ದೊಡ್ಡ ಕಬ್ಬಿಣದ ಕೊಡೆ' ಎನ್ನುತ್ತಿದ್ದ ಛಾವಣಿಯಿತ್ತು. 1943ರಲ್ಲಿ ಅದನ್ನು ಬಿಚ್ಚಿ ಸೈನ್ಯದ ಲೋಹದ ಹಸಿವಿಗೆ ಕೊಟ್ಟರು. ಆ ಹದದ ಮಣ್ಣಿನಲ್ಲಿ ಗೆಣಸು ಬೆಳೆದರು. ಔಟ್‌ಫೀಲ್ಡಿನ ಹುಲ್ಲಿನ ಮೇಲೆ ಸೈನ್ಯದ ಲಾರಿಗಳು ನಿಂತವು. 1945ರ ಆಗಸ್ಟ್ 6ರಂದು, ಹಿರೋಶಿಮಾದ ಹೆಸರಿನಲ್ಲಿ ಲೋಕ ನೆನಪಿಡುವ ದಿನ, ಇಲ್ಲಿಯೂ ಬೆಂಕಿಬಾಂಬು ಬಿದ್ದು ಮೈದಾನ ಮೂರು ದಿನ ಉರಿಯಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಂದು ಕೂತಿತು. ಹುಡುಗರಿಗೆ ಅಂಗಳ ಮತ್ತೆ ಸಿಕ್ಕಿದ್ದು 1947ರಲ್ಲಿ. ಕಬ್ಬಿಣದ ಕೊಡೆಯ ಜಾಗಕ್ಕೆ 1951ರಲ್ಲಿ ಹೊಳೆಯುವ ಹಗುರ ಲೋಹದ 'ಬೆಳ್ಳಿ ಕೊಡೆ' ಬಂತು.

ಹೋದ ಹುಡುಗರು ಬರಲಿಲ್ಲ. ಶಿಮಾ ಸೇಯಿಚಿ ಎಂಬವನು ವಕಾಯಾಮಾದ ಕೈಸೋ ಶಾಲೆಯ ಪಿಚರ್. 1939ರ ಬೇಸಿಗೆಯಲ್ಲಿ ಐದು ಪಂದ್ಯ, ಐದರಲ್ಲೂ ಎದುರಾಳಿಗೆ ಸೊನ್ನೆ. ಸೆಮಿಫೈನಲ್, ಫೈನಲ್ ಎರಡರಲ್ಲಿ ಎದುರಾಳಿಗಳಿಗೆ ಒಂದು ಹಿಟ್ ಕೂಡ ದಕ್ಕಲಿಲ್ಲ. ಕ್ರಿಕೆಟ್ಟಿನ ಭಾಷೆಯಲ್ಲಿ ಇದಕ್ಕೆ ಸಮನಾದದ್ದು ನನಗೆ ಹೊಳೆಯುತ್ತಿಲ್ಲ. ಕುಂಬ್ಳೆ ಕೋಟ್ಲಾದಲ್ಲಿ ಹತ್ತು ವಿಕೆಟ್ ತೆಗೆದದ್ದನ್ನು ಎರಡು ದಿನ ಬೆನ್ನುಬೆನ್ನಿಗೆ ಮಾಡಿದರೆ ಹತ್ತಿರ ಬಂದೀತು. ಶಿಮಾ ಕಾಲೇಜಿಗೆ ಹೋದ, ಅಲ್ಲಿಂದ ಸೈನ್ಯಕ್ಕೆ ಹೋದ, 1945ರ ಮಾರ್ಚಿನಲ್ಲಿ ಇಂಡೋಚೀನಾದ ಕರಾವಳಿಯಾಚೆ ಸತ್ತ. ಫೈನಲ್‌ನಲ್ಲಿ ಒಂದೂ ಹಿಟ್ ಕೊಡದ ಆ ಸಾಧನೆಯನ್ನು ಬೇಸಿಗೆಯ ಟೂರ್ನಿಯಲ್ಲಿ ಮತ್ತೊಬ್ಬ ಮಾಡಲು 59 ವರ್ಷ ಬೇಕಾಯಿತು. ಈಗಲೂ ಯುದ್ಧ ಮುಗಿದ ದಿನವಾದ ಆಗಸ್ಟ್ 15ರ ಮಧ್ಯಾಹ್ನ ಹನ್ನೆರಡಕ್ಕೆ ಆಟ ಎಲ್ಲಿದ್ದರೆ ಅಲ್ಲೇ ನಿಲ್ಲುತ್ತದೆ. ಸೈರನ್ ಕೂಗುತ್ತದೆ, ಬ್ಯಾಟ್ ಹಿಡಿದವನೂ ಚೆಂಡು ಹಿಡಿದವನೂ ಟೋಪಿ ತೆಗೆದು ತಲೆ ತಗ್ಗಿಸುತ್ತಾರೆ. ಒಂದು ನಿಮಿಷ. ಮತ್ತೆ ಆಟ.

ಈ ಮೈದಾನಕ್ಕೆ ಒಬ್ಬ ಯಜಮಾನನೂ ಇದ್ದಾನೆ. ಅದು ಅದೇ ರೈಲು ಕಂಪನಿಯ ಹಾನ್ಶಿನ್ ಟೈಗರ್ಸ್, 1935ರಲ್ಲಿ ಹುಟ್ಟಿದ ವೃತ್ತಿಪರ ತಂಡ. ಆಗಸ್ಟ್ ಬಂತೆಂದರೆ ಈ ಕೋಟ್ಯಧೀಶ ಆಟಗಾರರು ಗಂಟುಮೂಟೆ ಕಟ್ಟಿ ಮನೆ ಬಿಡಬೇಕು. ಶಾಲಾ ಹುಡುಗರು ಬರುತ್ತಾರೆ. ವಾರಗಟ್ಟಲೆ ಪರವೂರು ಸುತ್ತುವ ಆ ದಂಡಯಾತ್ರೆಗೆ ಅಭಿಮಾನಿಗಳು ಇಟ್ಟ ಹೆಸರು 'ಸಾವಿನ ಹಾದಿ'. ಈಗ ಕೆಲವು ಪಂದ್ಯಗಳಿಗೆ ಒಸಾಕಾದ ಡೋಮ್ ಸಿಗುವುದರಿಂದ ಹಾದಿ ಅಷ್ಟೊಂದು ಮಾರಕವಲ್ಲ. ನಮ್ಮ ಐಪಿಎಲ್ ತಂಡವೊಂದಕ್ಕೆ, ಹೈಸ್ಕೂಲು ಮಕ್ಕಳ ಟೂರ್ನಿಯಿದೆ, ಸ್ವಲ್ಪ ಜಾಗ ಬಿಡಿ ಎಂದು ಹೇಳಿ ನೋಡಿ.

ಟೈಗರ್ಸ್ ಅಭಿಮಾನಿಗಳ ಹುಚ್ಚಿನ ಬಗ್ಗೆ ಒಂದು ಮಾತು. 1985ರಲ್ಲಿ ಲೀಗ್ ಗೆದ್ದ ರಾತ್ರಿ ಒಸಾಕಾದ ಸೇತುವೆಯ ಮೇಲೆ ಜನ ಸೇರಿ ಒಬ್ಬೊಬ್ಬ ಆಟಗಾರನ ಹೆಸರು ಕೂಗಿದರು. ಅವನನ್ನು ಹೋಲುವವನೊಬ್ಬ ದೋತೊಂಬೊರಿ ಕಾಲುವೆಗೆ ಹಾರಬೇಕು. ಗಡ್ಡದ ಅಮೆರಿಕನ್ ಆಟಗಾರ ರ‍್ಯಾಂಡಿ ಬಾಸ್ ಸರದಿ ಬಂದಾಗ ಹೋಲುವವರು ಯಾರೂ ಸಿಗಲಿಲ್ಲ. ಪಕ್ಕದ ಕೆಎಫ್‌ಸಿ ಅಂಗಡಿಯ ಮುಂದೆ ನಿಂತಿದ್ದ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಯನ್ನೇ ಹೊತ್ತು ನೀರಿಗೆಸೆದರು. ಆ ವರ್ಷ ಜಪಾನ್ ಸರಣಿಯನ್ನೂ ಗೆದ್ದರು. ಅಲ್ಲಿಗೆ ಸರಿ, ಮತ್ತೆ ಆ ಸರಣಿಯಲ್ಲಿ ಗೆಲುವೇ ಇಲ್ಲ. ಕರ್ನಲ್ ಶಾಪ ಎಂದು ಊರೆಲ್ಲ ಮಾತು. 2009ರಲ್ಲಿ ಕಾಲುವೆಯ ಕೆಸರಿನಿಂದ ಪ್ರತಿಮೆ ಎತ್ತಿದರು, ಕನ್ನಡಕ ಸಿಗಲಿಲ್ಲ. ಮುಂದಿನ ಗೆಲುವು 2023ರಲ್ಲಿ, 38 ವರ್ಷಗಳ ನಂತರ. ನಾಗಪ್ರತಿಷ್ಠೆ ಮಾಡಿಸುವ ನಮ್ಮವರು ಇದನ್ನು ಕೇಳಿ ನಗುವಂತಿಲ್ಲ.

ಹೊಗಳಿದ್ದು ಸಾಕು, ಬೈಯುವುದೂ ಇದೆ. ಶಿಮಾ ಮಾಡಿದ್ದನ್ನು 1998ರಲ್ಲಿ ಮತ್ತೆ ಮಾಡಿದವನು ಯೋಕೋಹಾಮಾ ಶಾಲೆಯ ಮಾತ್ಸುಜಾಕಾ ದೈಸುಕೆ. ಅದಕ್ಕೆ ಎರಡು ದಿನ ಮೊದಲು ಕ್ವಾರ್ಟರ್ ಫೈನಲ್‌ನಲ್ಲಿ 17 ಇನ್ನಿಂಗ್ಸ್, 250 ಎಸೆತ, ಒಬ್ಬನೇ. ಅದರ ಹಿಂದಿನ ದಿನವೂ ಪೂರ್ತಿ ಪಂದ್ಯ ಎಸೆದಿದ್ದ. ದೇಶವೆಲ್ಲ ಕಣ್ಣೀರಿಟ್ಟು ಚಪ್ಪಾಳೆ ತಟ್ಟಿತು. ಬೆಳೆಯುವ ಹುಡುಗನ ಭುಜದ ಬಗ್ಗೆ ಯೋಚಿಸಿದವರು ಕಡಿಮೆ. ವಾರಕ್ಕೆ 500 ಎಸೆತ ಮೀರಬಾರದೆಂಬ ನಿಯಮ ಬಂದದ್ದು 2020ರಲ್ಲಿ, ಅಷ್ಟು ಹೊತ್ತಿಗೆ ಎಷ್ಟು ಭುಜಗಳು ಸವೆದವೋ. 1992ರದು ಇನ್ನೊಂದು ಬಗೆ. ಸೇಯ್‌ರ‍್ಯೋ ಶಾಲೆಯ ಮಾತ್ಸುಯಿ ಹಿದೆಕಿ ಹೊಡೆದರೆ ಚೆಂಡು ಹೊರಗೇ ಎಂದು ಹೆದರಿದ ಎದುರಾಳಿಗಳು ಐದು ಸಲವೂ ಅವನಿಗೆ ಬೇಕೆಂದೇ ದೂರದ ಚೆಂಡು ಎಸೆದು, ಹೊಡೆಯುವ ಅವಕಾಶವನ್ನೇ ಕೊಡದೆ ಮೊದಲ ಬೇಸ್‌ನತ್ತ ಸುಮ್ಮನೆ ನಡೆದುಹೋಗಲು ಬಿಟ್ಟರು. ಪಂದ್ಯ ಗೆದ್ದರು. ಗ್ಯಾಲರಿಯಿಂದ ಕಸ, ಮೆಗಾಫೋನು ಅಂಗಳಕ್ಕೆ ಬಿತ್ತು. ನಿಯಮ ಮುರಿದಿರಲಿಲ್ಲ, ನಿಜ. ಆದರೂ ನಾನಲ್ಲಿದ್ದರೆ ನನ್ನ ಮೆಗಾಫೋನೂ ಬೀಳುತ್ತಿತ್ತೇನೋ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೈದಾನ ತೀರ ಹಟಮಾರಿ. 2016ರಲ್ಲಿ ತಂಡದ ನೆರವಿಗೆ ಅಭ್ಯಾಸದ ಹೊತ್ತು ಅಂಗಳಕ್ಕಿಳಿದ ಹುಡುಗಿಯೊಬ್ಬಳನ್ನು ಅಧಿಕಾರಿಗಳು ಹೊರಗೆ ಕಳಿಸಿದರು. ಊರೆಲ್ಲ ಛೀಮಾರಿ ಹಾಕಿದ ಮೇಲೆ ನಿಯಮ ಸಡಿಲವಾಯಿತು. ಹುಡುಗಿಯರ ಹೈಸ್ಕೂಲು ಟೂರ್ನಿಯ ಫೈನಲ್ ಇಲ್ಲಿ ಮೊದಲ ಬಾರಿಗೆ ನಡೆದದ್ದು 2021ರಲ್ಲಿ, ಮೈದಾನಕ್ಕೆ 97 ತುಂಬಿದಾಗ. ತಲೆ ಬೋಳಿಸಲೇಬೇಕೆಂಬ ಅಲಿಖಿತ ಶಾಸನಕ್ಕೂ ಈಗ ಬಿರುಕು ಬಿಟ್ಟಿದೆ. 2023ರಲ್ಲಿ ಗೆದ್ದ ಕೇಯೋ ಶಾಲೆಯ ಹುಡುಗರು ಕ್ರಾಪು ಬಿಟ್ಟವರು. ಅವರ ಶಾಲೆಗೆ ಅದು 107 ವರ್ಷಗಳ ನಂತರದ ಗೆಲುವು. ಕೂದಲು ಬಿಟ್ಟರೆ ಶಿಸ್ತು ಕೆಡುತ್ತದೆಂದು ನಂಬಿದ್ದ ಹಿರಿಯರು ಆ ದಿನ ಏನು ಮಾಡಿದರೋ.

ಕೋವಿಡ್ ವರ್ಷ 2020ರಲ್ಲಿ ಬೇಸಿಗೆಯ ಟೂರ್ನಿ ರದ್ದಾಯಿತು. ಸೋಲುವ ಅವಕಾಶವೂ ಇಲ್ಲದ ಹುಡುಗರು. ಆಗ ಟೈಗರ್ಸ್ ಮತ್ತು ಮೈದಾನದವರು ದೇಶದ ಅಂತಿಮ ವರ್ಷದ ಸುಮಾರು 50,000 ಬೇಸ್‌ಬಾಲ್ ವಿದ್ಯಾರ್ಥಿಗಳಿಗೆ ಅದೇ ಮಣ್ಣನ್ನು ಚಿಟಿಕೆಯಷ್ಟು ತುಂಬಿದ ಕೀಚೈನ್ ಕಳಿಸಿದರು. ಮೈದಾನಕ್ಕೆ ಬರುವ ಯೋಗವೇ ಇಲ್ಲದಿದ್ದ ಹಳ್ಳಿಶಾಲೆಯ ಸಾಧಾರಣ ಆಟಗಾರನಿಗೂ ಅದು ತಲುಪಿತು. ನೂರು ವರ್ಷದಲ್ಲಿ ಈ ಮೈದಾನದವರು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನನ್ನ ತೀರ್ಮಾನ.

ಒಸಾಕಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ, ಎಲ್ಲ ಸರಿ ಆದರೆ ಆ ಬಿಸಿಲು ರಾಯಚೂರನ್ನು ನೆನಪಿಸುತ್ತದೆ ಎನ್ನುತ್ತಾನೆ. ಬಿಸಿಲಿಗೆ ಹೆದರಿಯೇ 2024ರಿಂದ ಕೆಲವು ದಿನ ಬೆಳಗ್ಗೆ ಮತ್ತು ಸಂಜೆ ಮಾತ್ರ ಆಡಿಸುತ್ತಿದ್ದಾರೆ. ನೀವು ಆಗಸ್ಟಿನಲ್ಲಿ ಆ ಕಡೆ ಹೋಗುವವರಾದರೆ ಒಸಾಕಾದ ಉಮೇದಾ ನಿಲ್ದಾಣದಲ್ಲಿ ಹಾನ್ಶಿನ್ ರೈಲು ಹತ್ತಿ, ಹದಿನೈದು ನಿಮಿಷದ ಆಸುಪಾಸಿನಲ್ಲಿ ತಲುಪುತ್ತೀರಿ. ಬಿಟ್ಟಿಯಾಗಿದ್ದ ಔಟ್‌ಫೀಲ್ಡ್ ಆಸನಗಳಿಗೂ 2018ರಿಂದ ಟಿಕೆಟ್ ಇಟ್ಟಿದ್ದಾರೆ, ಮೊದಲೇ ಕೊಂಡಿರಿ. ಮೈದಾನ ತೆರೆದ ಕಾಲದಿಂದ ಮಾರುತ್ತಿರುವ ಕರಿ ಅನ್ನ ಅಲ್ಲಿ ಪ್ರಸಿದ್ಧ, ಆದರೆ ಸಸ್ಯಾಹಾರಿಗಳು ಕೇಳಿ ತಿನ್ನುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ಒಡೆದ ಮಂಜುಗಡ್ಡೆ ಮಾರುತ್ತಾರೆ, 'ಕಚಿವಾರಿ' ಎಂದು ಕೇಳಿ. ಮೊದಲು ಕುತ್ತಿಗೆಗೆ ಒತ್ತಿಕೊಂಡು, ಕರಗಿದ ಮೇಲೆ ಸ್ಟ್ರಾ ಹಾಕಿ ಹೀರಬೇಕು. ಬೆಳ್ಳಿ ಕೊಡೆಯನ್ನು ಆಲ್ಪ್ಸ್ ಸ್ಟ್ಯಾಂಡಿನ ಮೇಲೂ ಚಾಚುವ ಕೆಲಸ 2028ರಲ್ಲಿ ಮುಗಿಸುವ ಯೋಜನೆಯಿದೆ. ಅಲ್ಲಿಯವರೆಗೆ ಟೋಪಿ ಮರೆಯಬೇಡಿ.